ಹಸಲರನ್ನು ಹಸಲರು ಎಂದೇ ಬರೆಯಿರಿ

“ವಕೀಲರೇ, ಕೇಸ್ ಬೀಳದಂಥ ಒಂದು ಪದ ಹೇಳಿಬಿಡಿ.” ಆಗಸ್ಟ್ 9ರ ಆದಿವಾಸಿ ದಿನ ಹತ್ತಿರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಈ ಫೋನು ಬಂದೇ ಬರುತ್ತದೆ. ಆಹ್ವಾನಪತ್ರಿಕೆ ಅಚ್ಚಿಗೆ ಹೋಗಬೇಕು. ಗಿರಿಜನ ಅನ್ನಬೇಕೋ, ವನವಾಸಿ ಅನ್ನಬೇಕೋ? ಕೇಳುವವರು ಕೆಟ್ಟವರಲ್ಲ, ಹೆದರಿಕೆ ಅಷ್ಟೆ. ಬರುವವರು ಯಾರು ಅಂತ ನಾನು ಕೇಳುತ್ತೇನೆ. “ನಮ್ಮೂರ ಹಸಲರು.” ಹಾಗಾದರೆ ಹಸಲರು ಎಂದೇ ಹಾಕಿಸಿ ಮಾರಾಯ್ರೆ! ಅದು ನಮ್ಮ ಮಲೆನಾಡಿನ ಒಂದು ಬುಡಕಟ್ಟು, ಸಮುದಾಯದ ಹೆಸರು ಬೈಗುಳವಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ಕೇಳುವುದು, ಆ ಹೆಸರು ಹಿಡಿದು ನಾಲ್ಕು ಜನರೆದುರು ಹೀಯಾಳಿಸಿದಿರಾ ಎಂದು. ಒಂದೊಂದು ಪ್ರಕರಣದ ಸಂದರ್ಭ ಒಂದೊಂದು ಥರ, ಆದ್ದರಿಂದ ಈ ಅಂಕಣ ಹಿಡಿದುಕೊಂಡು ಕೋರ್ಟಿಗೆ ಹೋಗಬೇಡಿ.

ಹಲವು ಸಮುದಾಯಗಳು ಸೇರುವಲ್ಲಿ ಆದಿವಾಸಿ ಎನ್ನಬಹುದು, ಅವರ ಸಂಘಟನೆಗಳೇ ಬಳಸುವ ಪದ. ವನವಾಸಿ ಎಂದರೆ ಹಲವರಿಗೆ ಆಗುವುದಿಲ್ಲ. ‘ಕಾಡು ಜನ’ ಬೇಡವೇ ಬೇಡ.

ಮೆದು ಪದದಿಂದ ನಷ್ಟವೂ ಉಂಟು ಎಂಬುದು ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಹಸಲರು, ಗೌಡಲು, ಹಕ್ಕಿಪಿಕ್ಕಿ ಎಂಬ ಹೆಸರುಗಳಿವೆ. ಗಿರಿಜನ ಎಂಬ ಹೆಸರಿಲ್ಲ. ಕಾಡಿನ ಜಮೀನಿಗೆ ಹಕ್ಕು ಕೇಳುವ ಅರ್ಜಿಯಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಸ್ವಾಧೀನ ತೋರಿಸಬೇಕು. ಗೌರವಕ್ಕೆಂದು ಯಾರೋ ‘ಪಾರಂಪರಿಕ ಅರಣ್ಯವಾಸಿ’ ಎಂದು ಬರೆದು, ಅರ್ಜಿ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳ ವರ್ಗಕ್ಕೆ ಹೋಯಿತೋ, ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಹುಡುಕುತ್ತಾ ಕೂರಬೇಕು. ಒಬ್ಬ ಉತ್ಸಾಹಿ ಹುಡುಗನಂತೂ ಗೌಡಲು ಕುಟುಂಬದ ಅರ್ಜಿಯಲ್ಲಿ ‘ಕಾಗುಣಿತ ತಿದ್ದಿ’ ಗೌಡರು ಎಂದು ಟೈಪಿಸಿದ್ದ. ನಮ್ಮ ಕಡೆ ಗೌಡರೆಂದರೆ ಒಕ್ಕಲಿಗರು. ಮನೆಯ ಅಜ್ಜಿ ಬಿದ್ದು ಬಿದ್ದು ನಕ್ಕು, “ಹಂಗಾರೆ ಅಡಿಕೆ ತೋಟಾನೂ ಬರ್ಕೊಡಪ್ಪ” ಅಂದರು.

ಇನ್ನು ನನಗೆ ಸಿಟ್ಟು ಬರಿಸುವ ಸಂಗತಿ. ಈ ಅರ್ಜಿಗಳಿಗೆ ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವಾಗುತ್ತದೆ. ಅಂಥದೊಂದು ಕರಡು ನನ್ನ ಮೇಜಿಗೆ ಬಂತು. ತಲೆಬರಹ ‘ಆದಿವಾಸಿ ಬಂಧುಗಳ ಅಹವಾಲು’. ಒಳಗೆ ‘ರೇಂಜರ್ ಸಾಹೇಬರು ಬಂದರು’, ‘ತೋಟದ ಯಜಮಾನರು ತಿಳಿಸಿದರು’. ಎಪ್ಪತ್ತು ದಾಟಿದ ಹಸಲರ ಅಜ್ಜ ಮಾತ್ರ ‘ಸದರಿಯವನು ಹೇಳುತ್ತಾನೆ’. ಮೇಲೆ ಬಂಧು, ಕೆಳಗೆ ಅವನು! ಬರೆದವರು ತಮ್ಮ ಮಾವನನ್ನು ಹೀಗೆ ಕರೆದಾರೆಯೇ? ಎರಡು ಪುಟದುದ್ದಕ್ಕೂ ಇವರು, ಹೇಳಿದರು ಎಂದು ತಿದ್ದಿಸಿದೆ. ಓದಿ ಹೇಳಿದಾಗ ಅಜ್ಜ ಬಹುವಚನದ ಬಗ್ಗೆ ತುಟಿ ಬಿಚ್ಚಲಿಲ್ಲ. ತಾವು ಸೀಗೆ ಕೊಯ್ಯುತ್ತಿದ್ದ ಹಳ್ಳದ ಹೆಸರು ತಪ್ಪಾಗಿದೆ, ಹಿಂಗಾದ್ರೆ ಗಡಿಯೇ ಹೋಯ್ತದೆ ಎಂದು ನನಗೂ ಕರಡು ಬರೆದವರಿಗೂ ಬೈದರು. ಅದನ್ನೂ ಸರಿಮಾಡಿಯೇ ಅರಣ್ಯ ಹಕ್ಕು ಸಮಿತಿಗೆ ಕೊಟ್ಟೆವು.