ತೆರಿಗೆಗೆ ಸಂವಿಧಾನದ ಬೇಲಿ: ಕೊಲರಾಡೊ, ಕ್ಯಾಲಿಫೋರ್ನಿಯಾ

ಸರ್ಕಾರದ ಹಣಕ್ಕೆ ಸಂವಿಧಾನ ಎರಡು ಬಗೆಯಲ್ಲಿ ಬೇಲಿ ಹಾಕುತ್ತದೆ. ಒಂದು, ಯಾರ ಒಪ್ಪಿಗೆ ಬೇಕು ಎಂದು ಹೇಳುವುದು. ಇದು ಹಳೆಯದು. ರಾಜ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತುವಂತಿಲ್ಲ ಎಂದು ಇಂಗ್ಲೆಂಡಿನಲ್ಲಿ 1689ರಲ್ಲೇ ಬರೆದಿಟ್ಟರು. ಇನ್ನೊಂದು, ಲೆಕ್ಕವನ್ನೇ ಸಂವಿಧಾನದೊಳಗೆ ಸೇರಿಸಿಬಿಡುವುದು. ತಲೆ ತಿನ್ನುವುದು ಇದೇ.

ಅಮೆರಿಕದ ಕೊಲರಾಡೊ ರಾಜ್ಯದ ಮತದಾರರು 1992ರಲ್ಲಿ ಒಪ್ಪಿದ ಸಂವಿಧಾನ ತಿದ್ದುಪಡಿಗೆ ಟೇಬರ್ (ಇಂಗ್ಲಿಷಿನಲ್ಲಿ 'ತೆರಿಗೆದಾರರ ಹಕ್ಕುಗಳ ಮಸೂದೆ' ಎಂಬುದರ ಚಿಕ್ಕರೂಪ) ಎಂದು ಹೆಸರು. ತೆರಿಗೆ ಏರಿಸಬೇಕಾದರೆ ಜನರ ಮತ ಬೇಕು. ಬೆಲೆಯೇರಿಕೆ ಮತ್ತು ಜನಸಂಖ್ಯೆ ಎಷ್ಟು ಏರಿತೋ ಅಷ್ಟು ಮಾತ್ರ ಆದಾಯದ ಮಿತಿಯೂ ಏರುತ್ತದೆ. ಅದಕ್ಕಿಂತ ಜಾಸ್ತಿ ಬಂದದ್ದನ್ನು ಸರ್ಕಾರ ಇಟ್ಟುಕೊಳ್ಳಲು ಜನ ಒಪ್ಪದಿದ್ದರೆ ವಾಪಸ್ ಕೊಡಬೇಕು. ತಿದ್ದುಪಡಿಯಲ್ಲಿ ಬರೆದಿರುವುದು 'ಖರ್ಚಿನ' ಮಿತಿ ಎಂದೇ. ಆದರೆ ಉಳಿತಾಯಕ್ಕೆ ಹಾಕಿದ್ದೂ ಅದರಲ್ಲಿ ಸೇರುತ್ತದೆ. ಹಾಗಾಗಿ ಮಿತಿ ಬೀಳುವುದು ಆದಾಯದ ಮೇಲೆ. ನಾನು ಇಲ್ಲೇ ಎಡವಿದ್ದೆ.

ಈಗ ಒಂದು ಲೆಕ್ಕ ಹಾಕೋಣ. ಆದಾಯ 100 ಇತ್ತು, ಕೆಟ್ಟ ವರ್ಷ ಬಂದು 90ಕ್ಕೆ ಇಳಿಯಿತು. ಮರುವರ್ಷ ಶೇ 4ರ ಏರಿಕೆಗೆ ಅವಕಾಶವಿದೆ ಎನ್ನಿ. ಮಿತಿ 93.6. ಆರ್ಥಿಕತೆ ಚೇತರಿಸಿ 102 ಬಂದರೂ 8.4 ವಾಪಸ್! ಬಿದ್ದ ಜಾಗದಿಂದಲೇ ಮತ್ತೆ ಎಣಿಕೆ. 2001ರ ಹಿಂಜರಿತದ ನಂತರ ಈ ಬಿಸಿ ತಟ್ಟಿತು. 2005ರಲ್ಲಿ ಮತದಾರರೇ ಮಿತಿಗೆ ಐದು ವರ್ಷ ಬಿಡುವು ಕೊಟ್ಟು, ಬಿದ್ದ ಜಾಗದಿಂದ ಎಣಿಸುವ ಈ ನಿಯಮವನ್ನೂ ತೆಗೆದರು.

ಕ್ಯಾಲಿಫೋರ್ನಿಯಾದ ಮತದಾರರು 1978ರಲ್ಲಿ ಒಪ್ಪಿದ 'ಪ್ರಪೊಸಿಷನ್ 13' ಎಂಬ ಸಂವಿಧಾನ ತಿದ್ದುಪಡಿ ಆಸ್ತಿ ತೆರಿಗೆಯದ್ದು. ಮೂಲ ದರ ಹೆಚ್ಚೆಂದರೆ ಶೇ 1. ಲೆಕ್ಕಕ್ಕೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರಬಾರದು. ಮನೆ ಕೈ ಬದಲಾದರೆ ಅಥವಾ ಹೊಸದಾಗಿ ಕಟ್ಟಿದರೆ ಮಾತ್ರ ಹೊಸ ಬೆಲೆ. ಪರಿಣಾಮ ನೋಡಿ: ಅಕ್ಕಪಕ್ಕದ ಎರಡು ಮನೆ, ಒಂದೇ ಅಳತೆ. ಮೂವತ್ತು ವರ್ಷದಿಂದ ಇರುವವರಿಗೆ ಚಿಲ್ಲರೆ ತೆರಿಗೆ, ಮೊನ್ನೆ ಕೊಂಡವರಿಗೆ ಅದರ ಹಲವು ಪಟ್ಟು. ಅನ್ಯಾಯ ಅಲ್ವಾ? ನನಗೂ ಹಾಗೇ ಅನಿಸುತ್ತದೆ. ಆದರೆ 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಸಂವಿಧಾನದಲ್ಲಿ ಅಂಕಿ ಕೂತರೆ ಸರ್ಕಾರಗಳು ಸುಮ್ನೆ ಕೂರುವುದಿಲ್ಲ, ಪಕ್ಕದ ದಾರಿ ಹುಡುಕುತ್ತವೆ. ಟೇಬರ್‌ನಲ್ಲಿ ತೆರಿಗೆಗೆ ಮತ ಬೇಕು, ಶುಲ್ಕಕ್ಕೆ ಬೇಡ. ಹಾಗಾಗಿ ಕೊಲರಾಡೊದಲ್ಲಿ ಶುಲ್ಕಗಳು ಬೆಳೆದವು. ಶುಲ್ಕದಿಂದಲೇ ನಡೆಯುವ ದೊಡ್ಡ ಹೊಸ ಸರ್ಕಾರಿ ಘಟಕಗಳಿಗೂ ಜನರ ಮತ ಬೇಕು ಎಂದು 2020ರಲ್ಲಿ ಮತದಾರರು ನಿಯಮ ತಂದರು. ಆದರೆ ಅದು ಸಂವಿಧಾನದಲ್ಲಿಲ್ಲ, ಬರೀ ಕಾನೂನು. ಶಾಸಕಾಂಗ ಮನಸ್ಸು ಮಾಡಿದರೆ ಬದಲಿಸಬಹುದು.