31ಕ್ಕೂ ಅದೇ ಸೆಕ್ಷನ್, 231ಕ್ಕೂ ಅದೇ

ಮೈಸೂರಿನ ರಿಂಗ್ ರೋಡಲ್ಲಿ ರಾತ್ರಿ ಗಾಡಿ ಓಡಿಸುವವರು ಕುಡಿದಿದ್ದಾರಾ ಅಂತ ನೋಡಲು ಪೊಲೀಸರು ಊದಿಸಿದಾಗ ಮಿಷನ್ನಿಂದ ಬಸ್ ಟಿಕೆಟ್‌ನಂಥ ಚೀಟಿ ಬರುತ್ತದೆ. ಬಿಸಿಗೆ ಅಚ್ಚಾಗುವ ಕಾಗದ, ಜೇಬಲ್ಲೇ ಇಟ್ಟುಕೊಂಡರೆ ಅಕ್ಷರ ಮಾಸಿಹೋಗುತ್ತದೆ. ನನ್ನ ಪರಿಚಯದ ವಕೀಲರೊಬ್ಬರು ಕಕ್ಷಿದಾರರಿಗೆ ಮೊದಲು ಹೇಳುವುದೇ "ಜೆರಾಕ್ಸ್ ಮಾಡಿಸಿಕೊಂಡು ಬನ್ನಿ" ಅಂತ.

ಚೀಟಿಯಲ್ಲಿ ಮದ್ಯದ ಅಂಕಿ 180 ಇದ್ದವರ ಪ್ರಶ್ನೆ ಒಂದೇ: "ಜಾಸ್ತಿ ಬಂದಿದೆ, ಶಿಕ್ಷೆನೂ ಜಾಸ್ತಿನಾ ಸಾರ್?" ಕುಡಿದು ಗಾಡಿ ಓಡಿಸುವುದಕ್ಕೆ ಹಾಕುವ, ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿ ಇರುವುದು ಒಂದೇ ಗೆರೆ. 100 ಮಿ.ಲೀ. ರಕ್ತದಲ್ಲಿ ಮದ್ಯ 30 ಮಿ.ಗ್ರಾಂ. ದಾಟಿದವರೆಲ್ಲ ಒಂದೇ ಸಾಲಿಗೆ.

ಈ ಗೆರೆ ಮೊದಲಿಂದ ಇರಲಿಲ್ಲ. 1939ರ ಕಾಯ್ದೆ ಬಂದಾಗ, ಗಾಡಿ ಹತೋಟಿಗೆ ಸಿಗದಷ್ಟು ಕುಡಿದಿದ್ದ ಅಂತ ತೋರಿಸಬೇಕಿತ್ತು. ವಾದವೆಲ್ಲ ನಡಿಗೆ, ಕಣ್ಣು, ಬಾಯಿವಾಸನೆ ಸುತ್ತ. 1971ರಲ್ಲಿ ಬಚುಭಾಯಿ ಕರ್ಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾಸನೆ, ತೂರಾಟ, ಹಿಗ್ಗಿದ ಕಣ್ಣುಪಾಪೆ ಇಷ್ಟೇ ಸಾಲದು ಅಂದಿತು. ರಕ್ತ ಪರೀಕ್ಷೆ ಆಗಿರಲಿಲ್ಲ. 1988ರ ಕಾಯ್ದೆ ಆ ಕಡೆಯ ತುದಿಗೇ ಹೋಯಿತು: ರಕ್ತದಲ್ಲಿ ಒಂದು ಹನಿ ಇದ್ದರೂ ತಪ್ಪು. 1994ರ ತಿದ್ದುಪಡಿಯಲ್ಲಿ 30 ಬಂತು, ಜೊತೆಗೆ 'ಬ್ರೆತ್ ಅನಲೈಸರ್' (ಊದಿಸುವ ಮಿಷನ್) ಅನ್ನೋ ಪದವೂ. ಆ ಪದವೇ ವಕೀಲರ ಕೈಗೆ ಸಿಕ್ಕ ಹಿಡಿ. ಊದಿಸದೆ ಆಸ್ಪತ್ರೆಯಲ್ಲಿ ರಕ್ತ ಮಾತ್ರ ತೆಗೆದಿದ್ದರೆ 185 ನಿಲ್ಲಲ್ಲ ಅಂತ ವಾದ ಹೂಡಿದರು. 2019ರಲ್ಲಿ ಲ್ಯಾಬ್ ಪರೀಕ್ಷೆಯನ್ನೂ ಸೇರಿಸಿ ಆ ಕಿಂಡಿ ಮುಚ್ಚಿದರು. ದಂಡವೂ 2,000ದಿಂದ 10,000 ರೂಪಾಯಿಗೆ ಏರಿತು.

34, 36 ಬಂದವರು ಮಿಷನ್ ತಪ್ಪು ತೋರಿಸಿದೆ ಅಂತ ಹಿಡಿದು ಕೂರಬಹುದು. 180ಕ್ಕೆ ಆ ಮಾತು ನಡೆಯಲ್ಲ. ಒಂದು ಬಿಟ್ಟು: ಗ್ಲಾಸ್ ಇಳಿಸಿದ ತಕ್ಷಣ ಊದಿಸಿದರೆ ಬಾಯಲ್ಲಿ ಉಳಿದ ಎಣ್ಣೆಯೇ ಅಂಕಿಯನ್ನು ಹಾರಿಸುತ್ತದೆ. ಸುಮಾರು 15 ನಿಮಿಷ ಬಿಡಬೇಕು. ರಕ್ತ ತೆಗೆದಿದ್ದರೆ ಪ್ರಶ್ನೆಗಳೇ ಬೇರೆ. ತೋಳಿಗೆ ಒರೆಸಿದ್ದು ಸ್ಪಿರಿಟ್ಟಾ? ಸೀಸೆಗೆ ಸೋಡಿಯಂ ಫ್ಲೋರೈಡ್ ಹಾಕಿದ್ದರಾ? ಹಾಕದೆ ಬಿಟ್ಟ ರಕ್ತ ದೋಸೆ ಹಿಟ್ಟಿನ ಹಾಗೆ ಹುದುಗಿ, ಮದ್ಯ ಸೀಸೆಯೊಳಗೇ ಹುಟ್ಟಬಹುದು. ಸೀಲ್ ಯಾರು ಹಾಕಿದರು, ಲ್ಯಾಬ್‌ಗೆ ಯಾವತ್ತು ಹೋಯಿತು, ಅದೂ ಬೇಕು. ಗಾಡಿ ಓಡಿಸಿದವನು ಇವನೇನಾ ಅನ್ನೋದಂತೂ ಇದ್ದೇ ಇದೆ.

"ಟೆಸ್ಟ್ ತಡವಾಯ್ತು" ಅನ್ನೋ ವಾದ ಮಾತ್ರ ಹುಷಾರಾಗಿ ಎತ್ತಬೇಕು. ದೇಹ 100 ಮಿ.ಲೀ. ರಕ್ತದಲ್ಲಿನ ಮದ್ಯವನ್ನು ಗಂಟೆಗೆ ಸುಮಾರು 15 ಮಿ.ಗ್ರಾಂ ಇಳಿಸುತ್ತದೆ. ತಡವಾಗಿಯೂ 180 ಇದ್ದರೆ ಗಾಡಿ ಓಡಿಸುವಾಗ ಎಷ್ಟಿತ್ತು ಅಂತ ಸರ್ಕಾರಿ ವಕೀಲರು ಕೇಳಿಯೇ ಕೇಳುತ್ತಾರೆ, ಅಲ್ವಾ?

ಸಾವು ಆದರೆ ಅಂಕಿಗೆ ಬೇರೆಯದೇ ತೂಕ. 2006ರಲ್ಲಿ ಮುಂಬೈನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ 7 ಜನ ಕಾರು ಹರಿದು ಸತ್ತ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಓಡಿಸಿದವನ ರಕ್ತದಲ್ಲಿದ್ದದ್ದು 112. ಅದನ್ನೂ ಲೆಕ್ಕಕ್ಕೆ ಹಿಡಿದ ಸುಪ್ರೀಂ ಕೋರ್ಟ್, ಇದು ಬರೀ ಅಜಾಗರೂಕತೆ ಅಲ್ಲ ಅಂತ 2012ರಲ್ಲಿ 3 ವರ್ಷದ ಶಿಕ್ಷೆ ಎತ್ತಿಹಿಡಿಯಿತು.

ನಮ್ಮಲ್ಲಿ ಇಷ್ಟು ದೂರ ವಾದ ಮಾಡಲು ಹೋಗುವವರು ಕಮ್ಮಿ. 185ಕ್ಕೆ ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸಲು ಬರಲ್ಲ, ಕೋರ್ಟಿಗೇ ಹೋಗಬೇಕು. ಅಷ್ಟರಲ್ಲಿ ಬೈಕ್ ಪೊಲೀಸ್ ಸ್ಟೇಷನ್ ಮುಂದೆ ಬಿಸಿಲಲ್ಲಿ ನಿಂತಿರುತ್ತದೆ. ಬಿಡಿಸಿಕೊಂಡರೆ ಸಾಕು ಅಂತ ತಪ್ಪೊಪ್ಪಿಕೊಂಡು ಬರುತ್ತಾರೆ. ಹಾಗೆ ಒಪ್ಪಿಕೊಂಡದ್ದು ಮೊದಲ ಅಪರಾಧವಾಗಿ ಕೂತುಬಿಡುತ್ತದೆ. ಇನ್ನೊಮ್ಮೆ ಸಿಕ್ಕಿಬಿದ್ದರೆ 15,000 ರೂಪಾಯಿ, ಇಲ್ಲವೇ 2 ವರ್ಷದವರೆಗೆ ಜೈಲು, ಇಲ್ಲವೇ ಎರಡೂ.