ಆರಡಿ ಚಿತ್ರ, ಅಂಗೈಯಗಲ ಪರದೆ

2020ರ ಲಾಕ್‌ಡೌನ್‌ನಲ್ಲಿ ದಾವಣಗೆರೆಯ ನನ್ನ ವಿದ್ಯಾರ್ಥಿಗಳ ಚಿತ್ರಗಳ ಫೋಟೋ ತೆಗೆದು ಆನ್‌ಲೈನ್ ಪ್ರದರ್ಶನ ಮಾಡಿದ್ದೆವು. ಒಬ್ಬ ಹುಡುಗಿ ಮಂಡಕ್ಕಿ ಭಟ್ಟಿಯ ಹೊಗೆಯನ್ನು ಆರಡಿ ಕ್ಯಾನ್ವಾಸ್ ಮೇಲೆ ಬರೆದಿದ್ದಳು. ಭಟ್ಟಿಯವರೊಬ್ಬರು ಫೋನಿನಲ್ಲಿ ನೋಡಿ, "ಇದೇನು ಮೇಷ್ಟ್ರೇ, ಮೋಡಾನಾ?" ಅಂದರು. ತಪ್ಪು ಅವರದಲ್ಲ. ಆರಡಿಯ ಹೊಗೆ ಅಂಗೈಯಲ್ಲಿ ಉಸಿರು ಕಟ್ಟಿಸುವುದಿಲ್ಲ.

ಗೋಡೆಗೆಂದು ಬರೆದ ಚಿತ್ರದ ಫೋಟೋ ಹಾಕುವುದು ಒಂದು, ನೆಟ್‌ಗೆಂದೇ ಕಲೆ ಮಾಡುವುದು ಇನ್ನೊಂದು. ಮೊದಲನೆಯದು ಬೇಡ ಅಂತಲ್ಲ. 2011ರಲ್ಲಿ 17 ಮ್ಯೂಸಿಯಂಗಳೊಂದಿಗೆ ಶುರುವಾದ, ಅಲ್ಲಿನ ಚಿತ್ರಗಳನ್ನು ನೆಟ್‌ನಲ್ಲಿ ತೋರಿಸುವ ಗೂಗಲ್ ಆರ್ಟ್ ಪ್ರಾಜೆಕ್ಟ್‌ನಿಂದ ವ್ಯಾನ್ ಗೋನ ಕುಂಚದ ಗೆರೆ ನಮ್ಮ ಹುಡುಗರಿಗೂ ಹತ್ತಿರದಿಂದ ಕಂಡಿತು. ಆದರೆ ಎರಡನೆಯದರಲ್ಲಿ ನೋಡುವವರಿಗೂ ಕೆಲಸವಿದೆ. ರಷ್ಯಾದ ಕಲಾವಿದೆ ಓಲಿಯಾ ಲಿಯಾಲಿನಾ 1996ರಲ್ಲಿ ಮಾಡಿದ ಒಂದು ಕೃತಿಯಲ್ಲಿ ಯುದ್ಧದಿಂದ ಮರಳಿದ ಹುಡುಗ, ಅವನ ಗೆಳತಿ ಮಾತಾಡುತ್ತಾರೆ. ನಾವು ಕ್ಲಿಕ್ ಮಾಡಿದಷ್ಟೂ ಪರದೆ ಹೋಳಾಗುತ್ತದೆ, ಅವರ ಮಾತೂ ಹೋಳಾಗುತ್ತದೆ.

ಇಂಥ ನೆಟ್ ಕಲೆಯನ್ನು ಎಲ್ಲಿಡಬೇಕು ಅಂತಲೇ ಕಲಾಲೋಕಕ್ಕೆ ತಿಳಿಯಲಿಲ್ಲ. 1997ರಲ್ಲಿ ಜರ್ಮನಿಯ ಕಾಸೆಲ್ ಊರಿನ ಡಾಕ್ಯುಮೆಂಟಾ ಪ್ರದರ್ಶನ ಇಂಥ ಕೃತಿಗಳನ್ನು ಕರೆಯಿತು. ಕರೆದು, ಆಫೀಸಿನಂಥ ಕೋಣೆಯಲ್ಲಿ ಕೂರಿಸಿತು. ಪ್ರದರ್ಶನ ಮುಗಿದ ಮೇಲೆ ವೆಬ್‌ಸೈಟ್ ಮುಚ್ಚಿ ಸಿಡಿಯಲ್ಲಿ ಮಾರುವ ಲೆಕ್ಕಾಚಾರ. ಸ್ಲೊವೇನಿಯಾದ ನೆಟ್ ಕಲಾವಿದ ವುಕ್ ಚೋಸಿಚ್ ಸುಮ್ನಿರಲಿಲ್ಲ. ಇಡೀ ಸೈಟನ್ನು ನಕಲು ಮಾಡಿ ಎಲ್ಲರಿಗೂ ತೆರೆದಿಟ್ಟ. ಆ ನಕಲೇ ಒಂದು ಕೃತಿಯಾಯಿತು! ಕಳ್ಳತನ ಅಲ್ವಾ ಸರ್ ಎಂದು ಹುಡುಗರು ಕೇಳುತ್ತಾರೆ. ನಾನಂತೂ ಚೋಸಿಚ್ ಕಡೆ.

ಮರುವರ್ಷ ಆ ಹುಡುಗಿ ಕ್ಯಾನ್ವಾಸ್ ಬಿಟ್ಟಳು. ಭಟ್ಟಿಯವರಿಂದಲೇ ಮೊಬೈಲ್ ವಿಡಿಯೊ ತರಿಸಿಕೊಂಡು ಒಂದು ವೆಬ್‌ಪುಟ ಕಟ್ಟಿದಳು. ಮುಟ್ಟಿದಂತೆಲ್ಲ ಒಂದೊಂದು ವಿಡಿಯೊ ತೆರೆಯುತ್ತದೆ, ಪರದೆಯ ಹೊಗೆ ಜಾಸ್ತಿಯಾಗುತ್ತದೆ. ಮೋಡ ಅಂದವರೇ ಅದನ್ನು ವಾಟ್ಸಾಪ್‌ನಲ್ಲಿ ಕಂಡಕಂಡವರಿಗೆಲ್ಲ ಕಳಿಸಿದರು. ಹಿರಿಯ ಕಲಾವಿದರೊಬ್ಬರು ಮಾತ್ರ, "ಇದಕ್ಕೆ ಫ್ರೇಮ್ ಹಾಕೋದು ಹೇಗ್ರೀ, ರೇಟು ಎಷ್ಟು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹೋದ ವರ್ಷ ಆ ಪುಟದ ಡೊಮೈನ್, ಅಂದರೆ ವೆಬ್ ವಿಳಾಸದ, ಹಣ ಕಟ್ಟುವುದನ್ನು ನಾನೇ ಮರೆತೆ. ಪುಟ ಹೋಯಿತು, ನಕಲೂ ಇರಲಿಲ್ಲ. ಈಗ ಭಟ್ಟಿಯವರ ಫೋನುಗಳಲ್ಲಿ ಉಳಿದ ವಿಡಿಯೊಗಳನ್ನು ಒಬ್ಬೊಬ್ಬರಿಂದ ಕೇಳಿ ತರುತ್ತಿದ್ದೇವೆ.